ಆರು ಚಮಚ, ಒಂದು ಬಟ್ಟಲು

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನಗರದಲ್ಲಿ ಜನ ಮೆಚ್ಚಿದ ಹೋಟೆಲು ಯಾವುದು ಎಂದು ತಿಳಿಯಲು ಬೋರ್ಡು ಓದಬೇಕಿಲ್ಲ. ನನಗಂತೂ ಓದಲು ಬರುವುದೂ ಇಲ್ಲ. ಅಲ್ಲಿನ ಖ್ಮೇರ್ ಭಾಷೆಯ ಅಕ್ಷರಗಳು ನಮ್ಮ ಅಕ್ಷರಗಳಿಗೆ ದೂರದ ದಾಯಾದಿಗಳೇ. ಆದರೂ ತಲೆಯ ಮೇಲೆ ಪುಟ್ಟ ಕಿರೀಟ ಇಟ್ಟುಕೊಂಡು ಪರಿಚಯವೇ ಇಲ್ಲದ ಹಾಗೆ ನಿಂತಿರುತ್ತವೆ. ನೋಡಬೇಕಾದ್ದು ಎರಡೇ: ಹೊರಗೆ ಸ್ಕೂಟರುಗಳು ಎಷ್ಟು ನಿಂತಿವೆ, ಒಳಗೆ ಮೇಜಿನ ಕೆಳಗೆ ಟಿಶ್ಯೂ ಕಾಗದ ಎಷ್ಟು ಬಿದ್ದಿದೆ. ಬಾಯಿ ಒರೆಸಿದ ಕಾಗದವನ್ನು ಕಾಲಬುಡಕ್ಕೆ ಹಾಕುವುದು ಅಲ್ಲಿನ ಇಂಥ ಹೋಟೆಲುಗಳಲ್ಲಿ ಸಹಜ. ನೆಲ ಥಳಥಳ ಅನ್ನುತ್ತಿದ್ದರೆ ಇನ್ನೂ ಗಿರಾಕಿ ಬಂದಿಲ್ಲ ಅಂತಲೇ ತಿಳಿಯಬೇಕು.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸಿನಲ್ಲಿ ಕೆಲಸ ಕಲಿತವನು ಕಾಂಬೋಡಿಯಾಕ್ಕೆ ಹೋಗುವುದರಲ್ಲಿ ದೊಡ್ಡ ಆಶ್ಚರ್ಯವೇನಿಲ್ಲ. ಆ ದೇಶ ಹೊರಗೆ ಮಾರುವ ಸರಕಿನಲ್ಲಿ ಸಿದ್ಧ ಉಡುಪಿನದೇ ಮೇಲುಗೈ. ಕಾಲರು ಎಲ್ಲಿ ಹೊಲಿದರೂ ಕಾಲರೇ. ನಾನು ಹೋದದ್ದು ಕ್ವಾಲಿಟಿ ನೋಡಲು. ಬೇರೆಯವರ ಕೆಲಸದಲ್ಲಿ ಕುಂದು ಹುಡುಕುವುದೇ ಸಂಬಳ ತರುವ ಕಸುಬಾದ್ದರಿಂದ ಊಟಕ್ಕೆ ಕೂತಲ್ಲೂ ಆ ಕಣ್ಣು ಮುಚ್ಚುವುದಿಲ್ಲ. ಹೊಲಿಗೆ ವಿಭಾಗದ ಸೂಪರ್‌ವೈಸರ್ ಹೆಣ್ಣುಮಗಳು ಒಂದು ಸಂಬಳದ ಶನಿವಾರ, ‘ಬೊಂಗ್, ಇವತ್ತು ನಮ್ಮನೆಯವರ ಜೊತೆ ಊಟಕ್ಕೆ ಬರಬೇಕು’ ಎಂದಳು. ಬೊಂಗ್ ಎಂದರೆ ವಯಸ್ಸಿನಲ್ಲಿ ದೊಡ್ಡವರು, ಅಣ್ಣನಾದರೂ ಸರಿ, ಅಕ್ಕನಾದರೂ ಸರಿ. ಹೋಟೆಲಿನಲ್ಲಿ ಬಡಿಸುವವರನ್ನೂ ಹಾಗೇ ಕೂಗುತ್ತಾರೆ. ಹಾಗಾಗಿ ಯಾರೋ ‘ಬೊಂಗ್!’ ಎಂದಾಗಲೆಲ್ಲ ನಾನು ತಿರುಗಿ ನೋಡಿ, ಐಸ್ ಕೇಳುತ್ತಿರುವುದು ನನ್ನನ್ನಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ತೊನ್ಲೆ ಸಾಪ್ ನದಿಗೆ ಕಟ್ಟಿದ ಜಪಾನ್ ಸೇತುವೆ ದಾಟಿದರೆ ಆಚೆ ದಡದಲ್ಲಿ ಇಂಥ ದೊಡ್ಡ ಹೋಟೆಲುಗಳಿವೆ. ಮೇಲೆ ಚಾವಣಿ, ಸುತ್ತ ಗೋಡೆಯಿಲ್ಲ, ಫ್ಯಾನುಗಳ ಸದ್ದು. ಒಂದೊಂದು ಬಿಯರ್ ಕಂಪನಿಯ ಬಣ್ಣದ ಉಡುಪು ತೊಟ್ಟ ಹುಡುಗಿಯರು ಮೇಜಿಂದ ಮೇಜಿಗೆ ಓಡಾಡುತ್ತ ಲೋಟಕ್ಕೆ ಮೊದಲು ಐಸ್ ಗಡ್ಡೆ, ಆಮೇಲೆ ಬಿಯರ್ ಸುರಿಯುತ್ತಾರೆ. ಬಿಯರಿಗೆ ಐಸ್ ಹಾಕುವುದನ್ನು ಕಂಡರೆ ನಮ್ಮ ಮಂಡ್ಯದ ರಸಿಕರು ಎದ್ದೇ ಹೋದಾರು. ಆ ಸೆಕೆಯಲ್ಲಿ ಅರ್ಧ ಗಂಟೆ ಕೂತರೆ ಅವರೂ ಒಪ್ಪುತ್ತಾರೆ.

ನಮ್ಮ ಮೇಜಿನಲ್ಲಿ ಆಕೆ, ಆಕೆಯ ಗಂಡ, ತಾಯಿ, ತಮ್ಮ, ಏಳೆಂಟು ವರ್ಷದ ಮಗ, ನಾನು. ಊಟ ಹೇಳಿದ್ದು ತಾಯಿ ಒಬ್ಬರೇ. ಯಾರಿಗೇನು ಬೇಕು ಎಂದು ಕೇಳುವ ಪದ್ಧತಿಯೇ ಇದ್ದಂತಿಲ್ಲ. ನಮ್ಮಲ್ಲಿ ನಾಲ್ಕು ಜನ ದರ್ಶಿನಿಗೆ ಹೋದರೆ ನಾಲ್ಕು ತಟ್ಟೆ, ಅದರಲ್ಲಿ ಒಬ್ಬನದು ‘ಈರುಳ್ಳಿ ಇಲ್ಲದೆ’. ಇಲ್ಲಿ ಬಂದದ್ದೆಲ್ಲ ಮೇಜಿನದು. ಅನ್ನ ಮಾತ್ರ ಅವರವರ ತಟ್ಟೆಗೆ. ಉಳಿದದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವಿಲ್ಲದೆ, ಅಡುಗೆಮನೆಯಲ್ಲಿ ಆದ ಹಾಗೆ ಬಂದು ಕೂರುತ್ತದೆ. ಹುರಿದ ಮೀನು ಬಂತು, ಪಕ್ಕದಲ್ಲಿ ತುರಿದ ಮಾವಿನಕಾಯಿ. ಲೊಕ್ ಲಾಕ್ ಬಂತು; ಅದು ದನದ ಮಾಂಸದ ತುಂಡುಗಳನ್ನು ಬಾಡಿಸಿ ಮಾಡಿದ್ದು, ಅದ್ದಿಕೊಳ್ಳಲು ನಿಂಬೆರಸದಲ್ಲಿ ಕಲಸಿದ ಉಪ್ಪು ಮೆಣಸು. ಮೆಣಸು ಕಾಂಪೋಟಿನದು ಎಂದು ಗಂಡ ಹೆಮ್ಮೆಯಿಂದ ಹೇಳಿದ. 2010ರಲ್ಲಿ ಅವರ ದೇಶದ ಭೌಗೋಳಿಕ ಗುರುತು, 2016ರಲ್ಲಿ ಯುರೋಪಿನದೂ ಸಿಕ್ಕ ಮೆಣಸು ಅದು. ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ಹೊಗಳಿದರೆ ಮಲೆನಾಡಿನ ನೆಂಟರು ಮಾತು ಬಿಡುತ್ತಾರೆ.

ಪ್ರವಾಸಿಗರ ಮೆನುವಿನಲ್ಲಿ ಯಾವಾಗಲೂ ಮೊದಲ ಸಾಲಿನಲ್ಲಿರುವ ಅಮೋಕ್, ಅಂದರೆ ಬಾಳೆಎಲೆಯ ದೊನ್ನೆಯಲ್ಲಿ ಮೀನು, ತೆಂಗಿನಹಾಲು, ಅರೆದ ಮಸಾಲೆ ಸೇರಿಸಿ ಹಬೆಯಲ್ಲಿ ಬೇಯಿಸಿದ ಖಾದ್ಯ, ನಮ್ಮ ಮೇಜಿಗೆ ಬರಲೇ ಇಲ್ಲ. ಕೇಳಿದೆ. ಅದೆಲ್ಲ ಆಂಗ್‌ಕೋರ್‌ನ ಹಳೆಯ ದೇಗುಲ ನೋಡಲು ಬರುವವರಿಗೆ ಎನ್ನುವಂತೆ ತಾಯಿ ಕೈ ಬೀಸಿದರು. ಬದಲಿಗೆ ನಡುವೆ ಬಂದು ಕೂತದ್ದು ದೊಡ್ಡ ಬಟ್ಟಲು ಸಮ್ಲೋ ಕೊರ್ಕೋ. ಕುಂಬಳ, ಪಪ್ಪಾಯಿಕಾಯಿ, ಬಾಳೆಕಾಯಿ, ಬದನೆ, ಅಲಸಂದೆ ಕಾಯಿ, ಹಿಡಿ ಹಿಡಿ ಸೊಪ್ಪು, ಮೀನು. ನಿಂಬೆಹುಲ್ಲು, ಅರಿಶಿನ, ಬೆಳ್ಳುಳ್ಳಿ ಕುಟ್ಟಿ ಮಾಡಿದ ಹಸಿ ಮಸಾಲೆ. ಮಂದವಾಗಲೆಂದು ಹುರಿದು ಪುಡಿ ಮಾಡಿದ ಅಕ್ಕಿ. ಹಿತ್ತಲಲ್ಲಿ ಬೆಳೆದದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ತಿರುವಿದ ಸಾರು. ಜೊತೆಗೆ ಒಂದು ಸೌಟು, ಎಲ್ಲರಿಗೂ ಪುಟ್ಟ ಪುಟ್ಟ ಬಟ್ಟಲು. ನನ್ನ ಕ್ವಾಲಿಟಿ ಕಣ್ಣಿಗೆ ಸಂತೋಷವಾಯಿತು. ಆ ಸಂತೋಷ ಮೊದಲ ಸುತ್ತು ಮುಗಿಯುವವರೆಗೆ ಮಾತ್ರ. ಎರಡನೇ ಸುತ್ತಿಗೆ ಸೌಟನ್ನು ಎಲ್ಲರೂ ಮರೆತರು. ಅನ್ನ ಉಂಡ ಚಮಚಗಳೇ ನೇರವಾಗಿ ದೊಡ್ಡ ಬಟ್ಟಲಿಗೆ ಇಳಿದವು.

ಎಂಜಲಿನ ವಿಷಯದಲ್ಲಿ ನಾನು ಬೆಳೆದ ಮನೆ ಸುಪ್ರೀಂ ಕೋರ್ಟು. ಮೀನು, ಕೋಳಿ, ತಲೆಮಾಂಸ ಎಲ್ಲ ಬೇಯುವ ಮನೆಯೇ, ಅದಕ್ಕೇನೂ ತಕರಾರಿಲ್ಲ. ಆದರೆ ‘ಲೋಟ ಕಚ್ಚಬ್ಯಾಡ ಕಣ್ಲಾ, ಎತ್ತಿ ಕುಡಿ’ ಎಂದು ಅಜ್ಜಿ ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದಳು. ಬಡಿಸುವ ಸೌಟು ಉಣ್ಣುವ ತಟ್ಟೆಗೆ ತಗುಲಿದರೆ ಪಾತ್ರೆಯ ಸಾರೆಲ್ಲ ಎಂಜಲು. ಉಣ್ಣುವ ಕೈ ನೀರಿನ ಚೊಂಬಿಗೆ ತಗುಲಿದರೆ ಚೊಂಬು ಎಂಜಲು. ಕಚ್ಚಿದ ಸೀಬೆಕಾಯಿ ತಮ್ಮನಿಗೆ ಕೊಟ್ಟರೆ ಇಬ್ಬರಿಗೂ ಏಟು. ಈ ಕಾನೂನಿನಲ್ಲಿ ಮಕ್ಕಳೇ ಹುಡುಕಿದ ಕಿಂಡಿ ಗುಬ್ಬಿ ಎಂಜಲು. ಪೆಪ್ಪರಮೆಂಟಿನ ಮೇಲೆ ಅಂಗಿಯ ತುದಿ ಮುಚ್ಚಿ ಕಟಕ್ಕನೆ ಕಚ್ಚಿ ಎರಡು ಮಾಡಿದರೆ ದೋಷವಿಲ್ಲ. ಅಂಗಿ ಮೂರು ದಿನದಿಂದ ಒಗೆದದ್ದಲ್ಲ ಎಂಬುದು ಬೇರೆ ಮಾತು. ಇಲ್ಲಿ ಯಾರಾದರೂ ಶಬರಿಯ ಕಥೆ ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಆ ಹಣ್ಣು ತಿಂದದ್ದು ರಾಮ, ನಮ್ಮಜ್ಜಿಯಲ್ಲ. ಇನ್ನೊಂದನ್ನೂ ಹೇಳಬೇಕು. ನಮ್ಮೂರ ಹೋಟೆಲಿನಲ್ಲಿ ಕೆಲವು ಕೇರಿಯವರಿಗೆ ಹೊರಗೆ ಬೇರೆ ಲೋಟ ಇಡುತ್ತಿದ್ದರು. ಅದಕ್ಕೂ ಎಂಜಲಿಗೂ ಸಂಬಂಧವೇ ಇರಲಿಲ್ಲ, ತೊಳೆದ ಲೋಟವೇ ಅದು. ಕೇಳಿದರೆ ಮಾತ್ರ ಎಂಜಲಿನ ಮೇಲೆ ಹಾಕುತ್ತಿದ್ದರು.

ಇಷ್ಟೆಲ್ಲ ತಲೆಯಲ್ಲಿ ಹೊತ್ತು ಕೂತವನ ಮುಂದೆ ಪ್ರಹೋಕ್ ಕ್ತಿಸ್ ಬಂದರೆ ಹೇಗಿರಬೇಡ. ಕೊಚ್ಚಿದ ಹಂದಿಮಾಂಸ, ತೆಂಗಿನಹಾಲು, ಪುಟಾಣಿ ಬದನೆ, ಎಲ್ಲಕ್ಕಿಂತ ಮೇಲಾಗಿ ಪ್ರಹೋಕ್ ಸೇರಿದ ಗಟ್ಟಿ ಗೊಜ್ಜು ಅದು. ಸುತ್ತ ಹಸಿ ಸೌತೆ, ಎಲೆಕೋಸು, ಹಸಿ ಬದನೆಯ ಹೋಳು. ಹೋಳನ್ನು ಗೊಜ್ಜಿಗೆ ಅದ್ದಬೇಕು, ಕಚ್ಚಬೇಕು, ಉಳಿದ ಅರ್ಧವನ್ನು ಮತ್ತೆ ಅದ್ದಬೇಕು. ಸಾರಿನಲ್ಲಿ ಚಮಚವಾದರೂ ನಡುವೆ ಇತ್ತು. ಇಲ್ಲಿ ಹಲ್ಲಿಗೂ ಬಟ್ಟಲಿಗೂ ನಡುವೆ ಯಾವ ದಲ್ಲಾಳಿಯೂ ಇಲ್ಲ. ಹುಡುಗ ಸೌತೆಕಾಯನ್ನು ನಾಲ್ಕು ಸಲ ಅದ್ದಿದ್ದನ್ನು ನೋಡಿದೆ. ನೋಡಬಾರದಿತ್ತು.

ಪ್ರಹೋಕ್ ಬಗ್ಗೆ ಮೊದಲು ಕೇಳಿಬರುವುದು ಅದರ ವಾಸನೆ. ಉಪ್ಪು ಬೆರೆಸಿ ಕೊಳೆಹಾಕಿದ ಮೀನು. ವಾಸನೆ ಇರದೆ ಇನ್ನೇನು. ಅದು ಹುಟ್ಟುವ ಬಗೆ ಸೊಗಸು. ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ಉಕ್ಕುತ್ತದೆಂದರೆ ಅದರ ನೀರು ತೊನ್ಲೆ ಸಾಪ್ ನದಿಯನ್ನೇ ಹಿಮ್ಮುಖ ತಿರುಗಿಸಿ ಮೇಲಿನ ಸರೋವರಕ್ಕೆ ನುಗ್ಗುತ್ತದೆ. ಬೇಸಗೆಯಲ್ಲಿ ಇದ್ದದ್ದಕ್ಕಿಂತ ಸರೋವರ ನಾಲ್ಕೈದು ಪಟ್ಟು ಹಿಗ್ಗಿ ಕಾಡಿನೊಳಗೆಲ್ಲ ಹರಡುತ್ತದೆ. ಮುಳುಗಿದ ಮರಗಳ ನಡುವೆ ಮೀನು ಮರಿಮಾಡಿ ಕೊಬ್ಬುತ್ತದೆ. ಮಳೆ ನಿಂತ ಮೇಲೆ ನದಿ ಮತ್ತೆ ದಿಕ್ಕು ಬದಲಿಸುತ್ತದೆ. ಆ ಖುಷಿಗೆ ನವೆಂಬರ್ ಸುಮಾರಿಗೆ ನಾಮ್ ಪೆನ್ನಿನಲ್ಲಿ ದೋಣಿ ಪಂದ್ಯದ ಜಲಹಬ್ಬ. ಹೊರಗೆ ಹರಿಯುವ ನೀರಿನ ಜೊತೆ ಬರುವ ಸಣ್ಣ ಮೀನನ್ನು ಬಲೆಯೊಡ್ಡಿ ರಾಶಿ ರಾಶಿ ಹಿಡಿದು, ತಲೆ ತೆಗೆದು, ತುಳಿದು, ಉಪ್ಪು ಹಾಕಿ, ಬಿಸಿಲಿಗಿಟ್ಟು, ಜಾಡಿಗೆ ತುಂಬುತ್ತಾರೆ. ಆ ಮೀನಿಗೆ ರಿಯೆಲ್ ಎಂದು ಹೆಸರು. ದೇಶದ ನಾಣ್ಯಕ್ಕೆ ಹೆಸರು ಬಂದದ್ದೇ ಅದರಿಂದ ಎಂದು ಜನ ಹೇಳುತ್ತಾರೆ. ವರ್ಷವಿಡೀ ಅನ್ನಕ್ಕೆ ರುಚಿ ಕೊಡುವ ಮೀನಾದ್ದರಿಂದ ಆ ಮಾತನ್ನು ಅಲ್ಲಗಳೆಯುವ ಮನಸ್ಸಾಗುವುದಿಲ್ಲ.

ಹಿಂದಿನ ಖ್ಮೇರರು ನಮ್ಮಜ್ಜಿಯ ಪಕ್ಷದವರೇ ಆಗಿದ್ದರು ಎಂಬುದಕ್ಕೆ ಸಾಕ್ಷಿ ಇದೆ. 1296ರಲ್ಲಿ ಚೀನಾದ ನಿಯೋಗದ ಜೊತೆ ಆಂಗ್‌ಕೋರ್‌ಗೆ ಬಂದು ವರ್ಷದ ಮಟ್ಟಿಗೆ ಇದ್ದ ಜೌ ದಗುವಾನ್ ಕಂಡದ್ದನ್ನೆಲ್ಲ ಬರೆದಿಟ್ಟ. ಅನ್ನವನ್ನು ಕೈಯಲ್ಲಿ ಉಣ್ಣುತ್ತಾರೆ, ಕೈ ಅದ್ದಿಕೊಳ್ಳಲು ಪಕ್ಕದಲ್ಲಿ ನೀರಿಟ್ಟುಕೊಳ್ಳುತ್ತಾರೆ, ಎಲೆಯಲ್ಲಿ ಪುಟ್ಟ ಬಟ್ಟಲು, ಪುಟ್ಟ ಚಮಚ ಮಾಡಿಕೊಂಡು ಉಂಡ ಮೇಲೆ ಎಸೆದುಬಿಡುತ್ತಾರೆ ಎನ್ನುತ್ತಾನೆ. ಶೌಚಕ್ಕೆ ಎಡಗೈ, ಊಟಕ್ಕೆ ಬಲಗೈ ಎಂಬುದನ್ನೂ ಬಿಟ್ಟಿಲ್ಲ. ಚೀನೀಯರು ಕಾಗದದಲ್ಲಿ ಒರೆಸಿಕೊಳ್ಳುವುದನ್ನು ಕಂಡು ಇವರು ನಗುತ್ತಾರೆ ಎಂದು ಪಾಪ, ತಾನೇ ಬರೆದುಕೊಂಡಿದ್ದಾನೆ. ಅದಕ್ಕೂ ಸುಮಾರು ನೂರು ವರ್ಷ ಮೊದಲು ಏಳನೇ ಜಯವರ್ಮ ಕಟ್ಟಿಸಿದ ಬಾಯೋನ್ ದೇಗುಲದ ಗೋಡೆಯಲ್ಲಿ ಒಂದು ಇಡೀ ಅಡುಗೆಮನೆಯೇ ಇದೆ. ಅನ್ನ ಬೇಯುತ್ತಿದೆ, ಮೀನು ಸುಡುತ್ತಿದೆ, ಹಂದಿಯೊಂದನ್ನು ಕೊಪ್ಪರಿಗೆಗೆ ಇಳಿಸುತ್ತಿದ್ದಾರೆ, ಆಳುಗಳು ಹರಿವಾಣ ಹೊತ್ತು ಸಾಗಿದ್ದಾರೆ. ರಾಜರ ಯುದ್ಧಗಳನ್ನು ಕೆತ್ತಿದ ಶಿಲ್ಪಿಗೆ ಇದನ್ನೂ ಕೆತ್ತಬೇಕೆನಿಸಿತಲ್ಲ, ಅವನ ಮೇಲೆ ನನಗೆ ಹೆಚ್ಚು ಗೌರವ.

ಎಲೆ ಚಮಚ ಹೋಗಿ ಈಗ ಬಲಗೈಯಲ್ಲಿ ಸ್ಟೀಲ್ ಚಮಚ, ಎಡಗೈಯಲ್ಲಿ ಫೋರ್ಕು. ಆ ಚಮಚಕ್ಕೆ ನಡುವೆ ಒಂದು ಕೆಟ್ಟ ಕಾಲವೂ ಇತ್ತು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ನಾಮ್ ಪೆನ್ ಹೊಕ್ಕು ಇಡೀ ಊರನ್ನು ಹಳ್ಳಿಗಳಿಗೆ ಅಟ್ಟಿತು. ಹಣ ರದ್ದಾಯಿತು, ಸಂತೆ ರದ್ದಾಯಿತು. ಮನೆಮನೆಯ ಒಲೆಯನ್ನೂ ನಂದಿಸಿದರು. ಪಾತ್ರೆಪಡಗ ಸಾಮೂಹಿಕ ಅಡುಗೆಮನೆಗೆ ಹೋಯಿತು. ಎಷ್ಟೋ ಜನರಿಗೆ ತಮ್ಮದೆಂದು ಉಳಿದದ್ದು ಒಂದು ಚಮಚ. ಸಾಲಾಗಿ ಕೂತು, ಅಕ್ಕಿ ಎಣಿಸಬಹುದಾದಷ್ಟು ತೆಳ್ಳಗಿನ ಗಂಜಿ. ಗಂಡ ಹೆಂಡತಿ ಮಕ್ಕಳು ಬೇರೆ ಬೇರೆ ಗುಂಪಿನಲ್ಲಿ. ಹೊಟ್ಟೆಗಿಲ್ಲದೆ ಏಡಿಯನ್ನೋ ಗೆಡ್ಡೆಯನ್ನೋ ಕದ್ದು ಬೇಯಿಸಿಕೊಂಡರೆ ಜೀವಕ್ಕೇ ಬರುತ್ತಿತ್ತು. 1979ರ ಜನವರಿ 7ಕ್ಕೆ ಆ ಆಳ್ವಿಕೆ ಉರುಳುವ ಹೊತ್ತಿಗೆ ಹಸಿವು, ರೋಗ, ಕೊಲೆಗಳಿಂದ ಸತ್ತವರು ಹದಿನೈದರಿಂದ ಇಪ್ಪತ್ತು ಲಕ್ಷ. ಅಂಥ ಊರಿನಲ್ಲಿ ಇವತ್ತು ಸಂಬಳದ ಶನಿವಾರ ಮೇಜು ಸಿಗದೆ ಜನ ನಿಂತು ಕಾಯುತ್ತಾರೆ. ಒಂದೇ ಕೊಪ್ಪರಿಗೆಯಿಂದ ಆಗಲೂ ಉಂಡಿದ್ದರು. ಆಗ ಪಕ್ಕದಲ್ಲಿ ಕೂರುವವರು ಯಾರು ಎಂದು ಬೇರೆ ಯಾರೋ ಹೇಳುತ್ತಿದ್ದರು.

ನಮ್ಮ ಮೇಜಿನ ತಾಯಿ ಆ ಕಾಲದಲ್ಲಿ ಹುಡುಗಿಯಾಗಿದ್ದಿರಬೇಕು. ಅವರು ಆ ಮಾತೆತ್ತಲಿಲ್ಲ. ಹುರಿದ ಮೀನು ತಿನ್ನುತ್ತ ಕೇಳುವ ವಿಷಯವೂ ಅದಲ್ಲ. ಮೊಮ್ಮಗ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಅವರು ಮಾತಿಲ್ಲದೆ ತಮ್ಮ ತಟ್ಟೆಗೆ ಬಳಿದುಕೊಂಡದ್ದು ಕಂಡಿತು. ಅದಕ್ಕೆ ಇತಿಹಾಸವೇ ಕಾರಣ ಎನ್ನಲಾರೆ. ನಮ್ಮವ್ವನೂ ಹಾಗೇ ಮಾಡುತ್ತಿದ್ದಳು, ಅಷ್ಟೆಲ್ಲ ಕಾನೂನು ಮಾತಾಡುವ ಅಜ್ಜಿಯೂ ಮಾಡುತ್ತಿದ್ದಳು. ಮಕ್ಕಳು ಬಿಟ್ಟದ್ದನ್ನು ಹೆಂಗಸರು ಉಂಡರೆ ಅದು ಎಂಜಲಲ್ಲ ಎಂಬ ಉಪಕಲಮು ನಮ್ಮ ಸುಪ್ರೀಂ ಕೋರ್ಟಿನಲ್ಲಿ ಮೊದಲಿನಿಂದಲೂ ಇತ್ತು. ಯಾರೂ ಅದನ್ನು ಬರೆದಿಡಲಿಲ್ಲ, ಬರೆದಿದ್ದರೆ ಗಂಡಸರು ಹೊಟ್ಟೆ ತುಂಬ ಉಂಡು ಎದ್ದ ಮೇಲೆ ಅವರಿಗೆ ಉಳಿಯುತ್ತಿದ್ದದ್ದು ಎಷ್ಟು ಎಂಬುದನ್ನೂ ಬರೆಯಬೇಕಾಗುತ್ತಿತ್ತು.

ಅಷ್ಟರಲ್ಲಿ ತಾಯಿ ಮೀನಿನ ಕೆನ್ನೆಯ ಭಾಗ, ಅದರಲ್ಲೇ ಅತ್ಯಂತ ಮೆತ್ತನೆಯದನ್ನು, ತಮ್ಮ ಚಮಚದಿಂದಲೇ ಬಿಡಿಸಿ ನನ್ನ ಅನ್ನದ ಮೇಲೆ ಇಟ್ಟರು. ಆಗಷ್ಟೇ ಬಾಯಿಂದ ಬಂದ ಚಮಚ. ನಾನು ಹೇಗೆ ತಿನ್ನುತ್ತೇನೆ ಎಂದು ಯಾರೂ ನೋಡುತ್ತಿರಲಿಲ್ಲ, ಅವರಿಗೆ ಅದು ನೋಡುವಂಥ ಸಂಗತಿಯೇ ಆಗಿರಲಿಲ್ಲ. ಸೂಪರ್‌ವೈಸರ್ ಹೆಣ್ಣುಮಗಳ ತಮ್ಮ ಲೋಟ ಎತ್ತಿ ‘ಚೊಲ್ ಮೊಯ್!’ ಎಂದ, ಎಲ್ಲರೂ ಲೋಟ ತಾಗಿಸಿದರು. ಮೀನು ತಿಂದೆ. ಅದರಲ್ಲಿ ಕುಂದು ಹಿಡಿಯುವಂಥದ್ದು ಏನೂ ಇರಲಿಲ್ಲ. ಆಮೇಲೆ ನನ್ನ ಚಮಚವೂ ದೊಡ್ಡ ಬಟ್ಟಲಿಗೆ ಇಳಿಯಿತು, ಮೊದಲು ಅಂಚಿನಲ್ಲಿ, ಆಮೇಲೆ ಬಾಳೆಕಾಯಿ ಹೋಳು ಹುಡುಕುತ್ತ ನಡುವಿಗೆ.

ಬಿಲ್ಲಿನ ಜಗಳ ಎಲ್ಲ ಊರಿನಂತೆಯೇ. ನಾನು ಡಾಲರ್ ತೆಗೆದೆ. ನೋಟಿನ ಅಂಚು ಕೂದಲೆಳೆಯಷ್ಟು ಹರಿದಿತ್ತು. ಅಲ್ಲಿ ಡಾಲರೂ ನಡೆಯುತ್ತದೆ ರಿಯೆಲೂ ನಡೆಯುತ್ತದೆ, ಹರಿದ ಡಾಲರ್ ಮಾತ್ರ ನಡೆಯುವುದಿಲ್ಲ. ಹುಡುಗಿ ನೋಟನ್ನು ಬೆಳಕಿಗೆ ಹಿಡಿದು ನೋಡಿ, ನಗುತ್ತಲೇ ವಾಪಸು ಕೊಟ್ಟಳು. ನನ್ನದೇ ಕಸುಬು, ಏನೂ ಹೇಳುವಂತಿರಲಿಲ್ಲ. ತಾಯಿ ರಿಯೆಲ್ ಕಂತೆ ಬಿಚ್ಚಿ ಎಣಿಸಿದರು. ಮಿಕ್ಕ ಕೊರ್ಕೋ ಸಾರನ್ನು ಪ್ಲಾಸ್ಟಿಕ್ ಚೀಲಕ್ಕೆ ಹುಯ್ಯಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಒಂಟಿಯಾಗಿ ಇರುವವನು ಎಂದು ನನ್ನ ಕೈಗೇ ಕೊಟ್ಟರು.

ಬೆಳಿಗ್ಗೆ ಮನೆಯಿಂದ ಹೆಂಡತಿಯ ಫೋನು. ‘ತಿಂಡಿ ಆಯ್ತಾ, ಏನು ತಿಂದ್ರಿ?’

‘ಅನ್ನ, ಸಾರು.’

‘ಸಾರು ಯಾರು ಮಾಡಿದ್ದು?’

ಹೋಟೆಲಿನದು ಎಂದೆ. ಯಾರು ಯಾರು ಉಂಡು ಮಿಕ್ಕದ್ದು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.