ಉತ್ತರ ಫೋನಿನಲ್ಲಿದೆ, ಲೆಕ್ಕ ಎಲ್ಲಿದೆ?

ನಾನು ಶಿಕ್ಷಕ ಪ್ರಶಿಕ್ಷಣಾರ್ಥಿಗಳಿಗೆ ಗಣಿತ ಬೋಧನೆ ಕಲಿಸುವವಳು. ಇಂದಿನ ತರಗತಿಯ ಬೇಸರ ಇನ್ನೂ ಇಳಿದಿಲ್ಲ. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದೆ. ಕ್ಷಣದಲ್ಲಿ ಎಲ್ಲರ ಫೋನಿನಲ್ಲೂ 3.5 ಮೂಡಿತು. ಇದಕ್ಕೊಂದು ವಾಕ್ಯರೂಪದ ಲೆಕ್ಕ ಕಟ್ಟಿ ಎಂದಾಗ, ಮುಂದಿನ ಸಾಲಿನ ಹುಡುಗಿ ಮುದ್ದಾದ ಅಕ್ಷರದಲ್ಲಿ ಬರೆದಳು: ‘ಒಂದೂ ಮುಕ್ಕಾಲು ಮೀಟರ್ ಹಗ್ಗವನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆಷ್ಟು?’ ಅದು ಎರಡರಿಂದ ಭಾಗಿಸುವ ಲೆಕ್ಕ. ಇರುವ ಹಗ್ಗವೇ ಎರಡು ಮೀಟರಿಲ್ಲದಿರುವಾಗ ಒಬ್ಬರ ಪಾಲಿಗೆ ಮೂರೂವರೆ ಮೀಟರ್ ಹೇಗೆ ಬಂತಮ್ಮಾ ಎಂದು ಕೇಳಿದೆ. ಆಕೆ ಹಗ್ಗದ ಬಗ್ಗೆ ಯೋಚಿಸಲಿಲ್ಲ, ಮತ್ತೆ ಫೋನ್ ನೋಡಿದಳು.

ನನ್ನ ಸಂಕಟವಿರುವುದು ಆ ನೋಟದಲ್ಲಿ. 1974ರಲ್ಲಿ ಅಮೆರಿಕದ ಮಾಹಿತಿ ಉದ್ಯಮ ಸಂಘದ ಮುಖ್ಯಸ್ಥ ಪಾಲ್ ಜುರ್ಕೋವ್‌ಸ್ಕಿ ‘ಮಾಹಿತಿ ಸಾಕ್ಷರತೆ’ ಎಂಬ ಮಾತನ್ನು ಬಳಸಿದಾಗ, ತನ್ನ ಕೆಲಸದ ತೊಡಕು ಬಿಡಿಸಲು ಮಾಹಿತಿಯನ್ನು ಬಳಸಬಲ್ಲ ಪಳಗುವಿಕೆ ಅವರ ಮನಸ್ಸಿನಲ್ಲಿತ್ತು. ನಾವು ಅದನ್ನು ಹುಡುಕುವ ಜಾಣ್ಮೆಗೆ ಇಳಿಸಿಬಿಟ್ಟಿದ್ದೇವೆ. 6÷2(1+2) ಎಂದು ಒತ್ತಿದರೆ ಒಂದು ಕ್ಯಾಲ್ಕುಲೇಟರ್ 9 ಎನ್ನುತ್ತದೆ, ಇನ್ನೊಂದು 1 ಎನ್ನುತ್ತದೆ. ಆವರಣದ ಪಕ್ಕದ ಗುಣಾಕಾರವನ್ನು ಮೊದಲು ಮಾಡಬೇಕೇ ಬೇಡವೇ ಎಂಬುದರಲ್ಲಿ ಅವುಗಳ ನಿಯಮ ಬೇರೆ. ಇದನ್ನು ತೋರಿಸಿದರೆ ನನ್ನ ವಿದ್ಯಾರ್ಥಿಗಳು ಯಾವ ಯಂತ್ರ ಒಳ್ಳೆಯದೆಂದು ಚರ್ಚಿಸಿದರೇ ಹೊರತು, ಬರೆದ ಲೆಕ್ಕವೇ ಅಸ್ಪಷ್ಟವಾಗಿದೆ ಎಂದು ಒಬ್ಬರೂ ಹೇಳಲಿಲ್ಲ.

ಫೋನ್ ಸದಾ ಕೈಯಲ್ಲಿರುವಾಗ ಇಷ್ಟೆಲ್ಲ ಏಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಮಗು 2/5 ಎಂದು ಬರೆದಾಗ, ಅದು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ ಎಂದು ಗುರುತಿಸಿ, ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೇ ಎಂದು ಆ ಕ್ಷಣದಲ್ಲೇ ಕೇಳಬೇಕಾದವಳು ಶಿಕ್ಷಕಿ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲೇ ಈ ಬಗೆಯ ಅರಿವನ್ನು ಬರಿಯ ವಿಷಯಜ್ಞಾನದಿಂದ ಬೇರ್ಪಡಿಸಿ ‘ಬೋಧನಾ ವಿಷಯಜ್ಞಾನ’ ಎಂದು ಹೆಸರಿಟ್ಟರು. ಅದು ಹುಡುಕಿದರೆ ಸಿಗುವಂಥದ್ದಲ್ಲ.

ಒಂದನ್ನು ಒಪ್ಪಿಕೊಳ್ಳಬೇಕು. ಭಿನ್ನರಾಶಿಯಿಂದ ಭಾಗಿಸಲು ಅದನ್ನು ‘ತಿರುಗಿಸಿ ಗುಣಿಸು’ ಎಂಬ ಸೂತ್ರವನ್ನು ನಾನೂ ಎಷ್ಟೋ ವರ್ಷ ಕಾರಣ ತಿಳಿಯದೆ ಪಾಠ ಮಾಡಿದ್ದೇನೆ. ಆಗ ಈ ಫೋನುಗಳಿರಲಿಲ್ಲ. ಹಾಗಾಗಿ ತಪ್ಪೆಲ್ಲ ಫೋನಿನದೆನ್ನಲಾರೆ. ಅರ್ಧದಿಂದ ಭಾಗಿಸುವುದು ಬೇರೆ, ಅರ್ಧ ಮಾಡುವುದು ಬೇರೆ ಎಂದು ನನಗೂ ಯಾರೂ ಹೇಳಿರಲಿಲ್ಲ.

ಕೊನೆಗೆ ಹಗ್ಗವನ್ನೇ ನೆಲಕ್ಕೆ ಹಾಸಿ ಅರ್ಧರ್ಧ ಮೀಟರ್ ಅಳೆಯಿಸಿದೆ. ಮೂರು ತುಂಡಾಗಿ ಕಾಲು ಮೀಟರ್ ಉಳಿಯಿತು. ‘ಹಾಗಾದರೆ ಮೂರೂಕಾಲು ಆಗಬೇಕಲ್ಲವೇ ಮೇಡಂ?’ ಎಂದಳು ಅದೇ ಹುಡುಗಿ. ಇಡೀ ದಿನದಲ್ಲಿ ನಾನು ಕೇಳಿದ ಮೊದಲ ಗಣಿತದ ಪ್ರಶ್ನೆ ಅದು. ಉಳಿದ ಕಾಲು ಮೀಟರ್ ಒಂದು ತುಂಡಿನ ಎಷ್ಟು ಭಾಗ ಎಂದು ತಿರುಗಿ ಕೇಳಿ ಕಾದೆ. ಈ ಸಲ ಅವಳು ಹಗ್ಗವನ್ನೇ ನೋಡಿದಳು.