ಕೊಳಕ್ಕೆ ಕೊಂಬಿಲ್ಲ, ಅದಕ್ಕೇ ಈ ಧೈರ್ಯ

ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನಿಂದ ವಾಪಸ್ ಬಂದಾಯ್ತು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಸಾಲ್ಟ್ ಲೇಕ್ ಸಿಟಿಯಿಂದ ಐಡಾಹೋ ದಾಟಿಕೊಂಡು ಕಾರಲ್ಲಿ ಹೋಗಿದ್ದು. ದಾರಿ ಚೆನ್ನಾಗಿತ್ತು, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಹೇಳಬೇಕಾದ್ದು ಮಾರ್ನಿಂಗ್ ಗ್ಲೋರಿ ಅನ್ನುವ ಬಿಸಿನೀರಿನ ಕೊಳದ ಬಗ್ಗೆ. ನೆಲದಿಂದ ಬಿಸಿನೀರು ಚಿಮ್ಮುವ ಓಲ್ಡ್ ಫೇತ್‌ಫುಲ್ ಬುಗ್ಗೆಯ ಹತ್ತಿರ ಕಾರು ಬಿಟ್ಟು ಎರಡು ಕಿಲೋಮೀಟರಿಗಿಂತ ಜಾಸ್ತಿ ನಡೆಯಬೇಕು. ಅಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ವಯೋಮಿಂಗ್‌ನ ಆ ಮೂಲೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಎಷ್ಟು ಖುಷಿ ಆಗುತ್ತೆ ಗೊತ್ತಲ್ವಾ? ಮಾತಾಡಿಸೋಣ ಅನ್ನುವಷ್ಟರಲ್ಲಿ ಆ ಕುಟುಂಬದ ಅಪ್ಪ ಜೇಬಿನಿಂದ ನಾಣ್ಯ ತೆಗೆದು ಮಗಳ ಕೈಗೆ ಕೊಟ್ಟರು. "ಹಾಕು ಪುಟ್ಟಿ, ಏನಾದ್ರೂ ಕೇಳ್ಕೋ." ಹಾಕಬಾರದು ಅಂತ ಬೋರ್ಡ್ ಇದೆ ಅಂತ ಆ ಮಗುವೇ ಹೇಳಿತು. ಆದರೂ ಹಾಕಿಸಿದರು. "ದಯವಿಟ್ಟು ಬೇಡ ಸಾರ್" ಅಂದೆ. "ಒಂದು ನಾಣ್ಯದಿಂದ ಏನಾಗುತ್ತೆ ಬಿಡಿ" ಅಂದರು.

ಏನಾಗುತ್ತೆ ಅನ್ನುವುದು ಅವರ ಕಣ್ಣೆದುರೇ ಇತ್ತು. ಈ ಕೊಳ ಮೊದಲು ಅಚ್ಚ ನೀಲಿ ಇತ್ತು. ಈಗ ನಡುವೆ ಹಸಿರು, ಸುತ್ತ ಹಳದಿ, ಅಂಚಿಗೆ ಕಿತ್ತಳೆ. ಎಲ್ಲರೂ ಅದನ್ನು ನೋಡಿ ವಾವ್ ಅನ್ನುತ್ತಾರೆ, ಫೋಟೋ ತೆಗೆಯುತ್ತಾರೆ. ಆ ಬಣ್ಣ ನಾವು ಮಾಡಿದ ಗಾಯ. ಎಸೆದ ನಾಣ್ಯ, ಕಲ್ಲು, ಕಸ ಎಲ್ಲ ಹೋಗಿ ಬಿಸಿನೀರು ಮೇಲೆ ಬರುವ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಳದ ಬಿಸಿ ಕಡಿಮೆಯಾಗುತ್ತದೆ. ಆಗ ಅಂಚಿನಲ್ಲಷ್ಟೇ ಬದುಕಬಲ್ಲ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಹಬ್ಬುತ್ತವೆ. 1950ರಲ್ಲಿ ನೀರಿನ ಮಟ್ಟ ಇಳಿಸಿ ಕೊಳ ಉಕ್ಕುವಂತೆ ಮಾಡಿದಾಗ ಒಳಗಿಂದ ರಾಶಿ ಚಿಲ್ಲರೆ, ಬಾಟಲಿ, ಡಬ್ಬ, ಸಾಕ್ಸು, 76 ಕರವಸ್ತ್ರ ಹೊರಬಂದವು. ಮೊದಲು ಕೊಳದ ಪಕ್ಕದಲ್ಲೇ ಇದ್ದ ರಸ್ತೆಯನ್ನೂ ದೂರ ಸರಿಸಿದರು. ಈಗ ಜನ ಅಷ್ಟು ದೂರ ನಡೆದುಕೊಂಡು ಬಂದು ಎಸೆಯುತ್ತಾರೆ.

ಶ್ರೀರಂಗಪಟ್ಟಣದಲ್ಲಿ ರೈಲು ಸೇತುವೆ ದಾಟುವಾಗ ನಾವು ಕಾವೇರಿಗೆ ಕಾಸು ಹಾಕಲ್ವಾ, ಅದೂ ತಪ್ಪಾ ಅಂತ ಕಾರಿನಲ್ಲಿ ನಮ್ಮಣ್ಣ ಕೇಳಿದ. ನಮ್ಮ ಅಜ್ಜಿ ಹಾಕುತ್ತಿದ್ದರು, ಅವರ ಭಕ್ತಿಯನ್ನು ನಾನು ತಪ್ಪು ಅನ್ನಲಾರೆ. ಆದರೆ ಕಾವೇರಿ ಹರಿಯುವ ನದಿ. ಇದು ನೆಲದಾಳದಿಂದ ಬಿಸಿ ಬರುವ ಒಂದು ಸಣ್ಣ ಬಾಯಿ. ಭಕ್ತಿ ಉಕ್ಕಿ ಬಂದರೆ ಕೈ ಮುಗಿಯಲಿ. ಅದಕ್ಕೆ ನಾಣ್ಯ ಯಾಕೆ ಬೇಕು?

ಈ ನೀರಲ್ಲಿ ಏನಿದೆ ಅಂತ ತಿಳಿದರೆ ಯಾರಿಗೂ ಎಸೆಯಲು ಕೈ ಬರುವುದಿಲ್ಲ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಅನ್ನುವ ವಿಜ್ಞಾನಿ ಇದೇ ಪಾರ್ಕಿನ ಬಿಸಿನೀರಿನ ಬುಗ್ಗೆಯಲ್ಲಿ ಥರ್ಮಸ್ ಅಕ್ವಾಟಿಕಸ್ ಅನ್ನುವ ಬ್ಯಾಕ್ಟೀರಿಯಾ ಕಂಡುಹಿಡಿದರು. ಚೂರು ಡಿಎನ್‌ಎಯನ್ನು ಪರೀಕ್ಷೆಗೆ ಸಾಕಾಗುವಷ್ಟು ಪಟ್ಟು ಹೆಚ್ಚಿಸುವ ಪಿಸಿಆರ್ ವಿಧಾನ ಬೆಳೆದದ್ದೇ ಬಿಸಿ ತಡೆಯುವ ಅದರ ಕಿಣ್ವದಿಂದ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿಸಿಕೊಂಡ ಟೆಸ್ಟ್ ನೆನಪಿದೆಯಲ್ಲ, ಅದೇ.

ಇದೇ ಜನ ಪ್ರಾಣಿ ಎದುರು ಎಷ್ಟು ಸಭ್ಯರು! ಪಾರ್ಕಿನ ಹೇಡನ್ ಕಣಿವೆಯಲ್ಲಿ ಬೈಸನ್ ಅನ್ನುವ ದೈತ್ಯ ಕಾಡುದನಗಳ ಹಿಂಡು ರಸ್ತೆಗೆ ಬಂತು. ಒಂದು ನಮ್ಮ ಕಿಟಕಿ ಪಕ್ಕದಲ್ಲೇ ಹಾದುಹೋಯಿತು. ಮೈಕೂದಲಿಗೆ ಒಣ ಮಣ್ಣು ಮೆತ್ತಿತ್ತು, ಉಸಿರು ಬಿಡುವ ಸದ್ದು ಕೇಳಿಸುತ್ತಿತ್ತು. ಸಾಲಾಗಿ ನಿಂತ ಕಾರುಗಳಲ್ಲಿ ಒಬ್ಬರೂ ಹಾರ್ನ್ ಹೊಡೆಯಲಿಲ್ಲ. 23 ಮೀಟರ್ ದೂರ ಇರಬೇಕು ಅನ್ನುವ ನಿಯಮ ಎಲ್ಲರಿಗೂ ಗೊತ್ತು. ಕೊಂಬು ಕಂಡರೆ ನಿಯಮ ತಾನಾಗಿ ನೆನಪಾಗುತ್ತದೆ. ಬೇಟೆಯಿಂದ 1902ರ ಹೊತ್ತಿಗೆ ಪಾರ್ಕಿನಲ್ಲಿ ಎರಡು ಡಜನ್ ಆಸುಪಾಸು ಮಾತ್ರ ಉಳಿದಿದ್ದ ಬೈಸನ್‌ಗಳು ಕಾಪಾಡಿದ್ದರಿಂದ ಇವತ್ತು ಸಾವಿರಗಟ್ಟಲೆ ಆಗಿವೆ. ಆದರೆ ಮುಚ್ಚಿಹೋದ ಬುಗ್ಗೆಯ ಬಾಯಿ ಮರಿ ಹಾಕುವುದಿಲ್ಲ.

ನಮ್ಮ ಕನ್ನಡ ಕೂಟದವರು ಮುಂದಿನ ಬೇಸಿಗೆಗೆ ವ್ಯಾನ್ ಮಾಡಿಕೊಂಡು ಅಲ್ಲಿಗೇ ಹೊರಡುತ್ತಾರಂತೆ. ನನ್ನ ಹೆಸರೂ ಸೇರಿಸಿ. ಎಲ್ಲರೂ ಚಿಲ್ಲರೆಯನ್ನು ವ್ಯಾನಿನಲ್ಲೇ ಬಿಟ್ಟು ಇಳಿಯಬೇಕು ಅಂತ ನಾನು ಬಾಗಿಲಲ್ಲಿ ನಿಂತು ಹೇಳುವವನೇ. ಬೇಜಾರಾಗುವವರು ಈಗಲೇ ಬೇಜಾರು ಮಾಡಿಕೊಳ್ಳಿ.