ಒತ್ತಿದ ಮೇಲೆ ಎರಡು ಕ್ಷಣ

ಉಡುಪಿ ಕಡೆಯ ಮನೆಗಳಲ್ಲಿ ರಿಮೋಟು ಮಾತು ಕೇಳದಿದ್ದರೆ ಮೊದಲ ಮದ್ದು, ಅದನ್ನು ಅಂಗೈಗೆ ಕುಟ್ಟುವುದು. ಎರಡನೆಯ ಮದ್ದು, ಮುಚ್ಚಳ ತೆಗೆದು ಸೆಲ್ಲುಗಳನ್ನು ಇದ್ದಲ್ಲಿಯೇ ಬೆರಳಿನಿಂದ ಉರುಳಿಸುವುದು. ಮುಚ್ಚಳ ಉಳಿದಿದ್ದರೆ, ಅಷ್ಟೆ. ಹೆಚ್ಚಿನ ಮನೆಗಳಲ್ಲಿ ಅದು ಎಂದೋ ಕಳೆದುಹೋಗಿ, ಅದರ ಕೆಲಸವನ್ನು ಒಂದು ರಬ್ಬರ್ ಬ್ಯಾಂಡು ವಹಿಸಿಕೊಂಡಿರುತ್ತದೆ. ಓದಿದವರು ಈ ಚಿಕಿತ್ಸೆಯನ್ನು ಕಂಡು ನಗುತ್ತಾರೆ. ನಗುವ ಅಗತ್ಯವಿಲ್ಲ. ಸಮುದ್ರದ ಉಪ್ಪು ಗಾಳಿಗೂ ಜೂನ್ ತಿಂಗಳ ತೇವಕ್ಕೂ ಸೆಲ್ಲಿನ ತುದಿ ಮತ್ತು ಸ್ಪ್ರಿಂಗಿನ ನಡುವೆ ಕಿಲುಬಿನ ತೆಳು ಪೊರೆಯೊಂದು ಕಟ್ಟುತ್ತದೆ. ಸೆಲ್ಲನ್ನು ಉರುಳಿಸಿದಾಗ ಆ ಪೊರೆ ಉಜ್ಜಿಹೋಗಿ ಕರೆಂಟಿಗೆ ದಾರಿಯಾಗುತ್ತದೆ. ಕುಟ್ಟುವುದರಿಂದಲೂ ಆಗುವುದು ಹೆಚ್ಚುಕಡಿಮೆ ಇದೇ, ವಿಧಾನ ಮಾತ್ರ ಸ್ವಲ್ಪ ಒರಟು.

ಆದರೆ ಯೂಟ್ಯೂಬು, ಸಿನಿಮಾ ಎಂದು ಟಿ.ವಿ.ಗೆ ಸಿಕ್ಕಿಸಿಕೊಳ್ಳುವ ಈಗಿನ ಪುಟ್ಟ ಪೆಟ್ಟಿಗೆಗಳ ಕಾಯಿಲೆ ಬೇರೆ. ಅವು ಕೆಡುವುದಿಲ್ಲ, ತಡಮಾಡುತ್ತವೆ. ಕೆಟ್ಟರೆ ಕೆಟ್ಟಿತು ಎಂದು ಎದ್ದುಹೋಗಬಹುದು. ತಡಮಾಡಿದರೆ ಹಾಗಲ್ಲ. ಗುಂಡಿ ಒತ್ತುತ್ತೇವೆ, ಏನೂ ಆಗುವುದಿಲ್ಲ. ಎರಡು ಕ್ಷಣ ತಾಳುವ ವ್ಯವಧಾನ ಯಾರಿಗಿದೆ? ಮತ್ತೆ ಒತ್ತುತ್ತೇವೆ, ಸಿಟ್ಟಿನಲ್ಲಿ ಇನ್ನೊಮ್ಮೆ ಒತ್ತುತ್ತೇವೆ. ಪೆಟ್ಟಿಗೆ ಯಾವುದನ್ನೂ ಮರೆತಿರುವುದಿಲ್ಲ. ರಥಬೀದಿಯ ಹೋಟೆಲಿನಲ್ಲಿ ಇಡ್ಲಿ ಬರಲಿಲ್ಲವೆಂದು ಮೂರು ಸಲ ಕೂಗಿದವನ ಮುಂದೆ ಮೂರು ಪ್ಲೇಟು ತಂದಿಟ್ಟು ಹೋಗುವ ಮಾಣಿಯ ಹಾಗೆ, ಎಲ್ಲ ಅಪ್ಪಣೆಗಳನ್ನೂ ಸಾಲಾಗಿ ನಿಲ್ಲಿಸಿಕೊಂಡು ಒಟ್ಟಿಗೆ ನೆರವೇರಿಸುತ್ತದೆ.

ನಮ್ಮ ಅಪ್ಪಯ್ಯನವರು ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವವರು. ಇಡೀ ರಾತ್ರಿಯ ಆಟ ಒಂದೇ ವಿಡಿಯೊದಲ್ಲಿ ಉದ್ದಕ್ಕೆ ಮಲಗಿರುತ್ತದೆ. ಭಾಗವತರ ಪದ್ಯದ ಒಂದು ಸಾಲು ತಪ್ಪಿತೆಂದು ಹಿಂದಕ್ಕೆ ಒತ್ತಿದರೆ, ಯುದ್ಧದಲ್ಲಿ ಮೈಮರೆತಿದ್ದ ವೇಷ ದಿಗಿಣದ ಕುಣಿತ ಅರ್ಧಕ್ಕೆ ಬಿಟ್ಟು ಆರಂಭದ ಒಡ್ಡೋಲಗಕ್ಕೆ ಮರಳುತ್ತದೆ. ಮುಂದಕ್ಕೆ ಒತ್ತಿದರೆ ಮಂಗಳ ಹಾಡುತ್ತಿರುತ್ತಾರೆ. "ಎಂತ ಮಾರಾಯ ಇದು, ಸತ್ತವನು ಇನ್ನೂ ಸಾಯಲೇ ಇಲ್ಲವಲ್ಲ!" ಎಂದು ಅಪ್ಪಯ್ಯ ರಿಮೋಟನ್ನು ನನ್ನ ಕಡೆಗೆ ಚಾಚುತ್ತಾರೆ.

ತಪ್ಪಿತಸ್ಥ ರಿಮೋಟೇ ಎಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಸಿಕ್ಕಿಬಿದ್ದವನೇ ಕಳ್ಳ, ಕೈಯಲ್ಲಿ ಸಿಕ್ಕಿಬಿದ್ದಿರುವುದು ಅದೊಂದೇ. ಬಡ್ಡಿಯ ಹಾಗೆ ಹೊಸ ಸೆಲ್ಲುಗಳೂ ಸಂದವು. ವಿಚಾರಣೆ ಸರಿಯಾಗಿ ನಡೆದದ್ದು ಮಣಿಪಾಲದಲ್ಲಿ ಓದುವ ಅಣ್ಣನ ಮಗ ಬಂದ ಮೇಲೆ. ಹಳೆಯ ಟಿ.ವಿ. ರಿಮೋಟಿನ ಮೂಗನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಪರದೆಯ ಮೇಲೆ ನಸುನೇರಳೆಯಾಗಿ ಮಿನುಗಿತು. ಪೆಟ್ಟಿಗೆಯ ರಿಮೋಟಿನದು ಬರೀ ಕತ್ತಲೆ. "ನೋಡು, ಸತ್ತಿದೆ" ಎಂದೆವು. "ಇಲ್ಲ ಚಿಕ್ಕಪ್ಪ, ಇದು ಬ್ಲೂಟೂತಿನಲ್ಲಿ ಮಾತಾಡುವುದು. ಟಿ.ವಿ.ಯ ಧ್ವನಿಗೆ ಮಾತ್ರ ಅವಕೆಂಪು" ಎಂದು ಧ್ವನಿಯ ಗುಂಡಿ ಒತ್ತಿದ. ಅದೂ ಮಿನುಗಿತು, ಟಿ.ವಿ. ಕೂಡಲೇ ಗಟ್ಟಿಯಾಯಿತು. ಅಲ್ಲಿಗೆ ಸೆಲ್ಲು ಖುಲಾಸೆ. ಬಳಿಕ ಮೊಬೈಲನ್ನೇ ರಿಮೋಟು ಮಾಡುವ ಆಪ್ ಹಾಕಿಕೊಂಡು ವೈಫೈ ಮೂಲಕ ಪೆಟ್ಟಿಗೆಯನ್ನು ಕರೆದ. ಆಗಲೂ ಅದೇ ಎರಡು ಕ್ಷಣ. ರಿಮೋಟು ಪೂರ್ತಿ ನಿರಪರಾಧಿ. ಬ್ಲೂಟೂತ್, ವೈಫೈ, ಅಡುಗೆಮನೆಯ ಮೈಕ್ರೋವೇವ್ ಎಲ್ಲವೂ 2.4 ಗಿಗಾಹರ್ಟ್ಸಿನ ಓಣಿಯಲ್ಲೇ ನುಗ್ಗಾಡುವುದರಿಂದಲೂ ಕೆಲವೊಮ್ಮೆ ತಡವಾಗುವುದುಂಟಂತೆ. ನಮ್ಮದು ಆ ಬಗೆಯದಾಗಿರಲಿಲ್ಲ.

ಇದಕ್ಕಿಂತ ತಮಾಷೆಯ ರಿಮೋಟುಗಳು ಹಿಂದೆ ಇದ್ದವು. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಎಂಬವರು ಫ್ಲ್ಯಾಶ್‌ಮ್ಯಾಟಿಕ್ ಎಂಬ ನಿಸ್ತಂತು ರಿಮೋಟು ಮಾಡಿದರು. ಟಿ.ವಿ.ಯ ನಾಲ್ಕು ಮೂಲೆಗಳಲ್ಲಿ ಬೆಳಕು ಗುರುತಿಸುವ ಕಣ್ಣುಗಳು; ಬೇಕಾದ ಮೂಲೆಗೆ ಬೆಳಕು ಬಿಟ್ಟರೆ ಚಾನೆಲ್ ಬದಲಾಗುತ್ತಿತ್ತು. ಬಿಸಿಲು ಬಿದ್ದರೂ ಬದಲಾಗುತ್ತಿತ್ತು! ಪಡುದಿಕ್ಕಿಗೆ ಕಿಟಕಿಯಿರುವ ಮಲ್ಪೆಯ ಮನೆಗಳಲ್ಲಿ ಸಂಜೆಯ ವಾರ್ತೆಯನ್ನು ಸೂರ್ಯನ ಒಪ್ಪಿಗೆ ಪಡೆದೇ ನೋಡಬೇಕಾಗುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಅವರ ರಿಮೋಟು ಬಂತು. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು, ಮನುಷ್ಯರ ಕಿವಿಗೆ ಕೇಳದ ಶಬ್ದ ಹೊರಡುತ್ತಿತ್ತು. ಸೆಲ್ಲೇ ಬೇಡ! ಕಿಲುಬಿನ ಪ್ರಶ್ನೆಯೇ ಇಲ್ಲದ ಆ ರಿಮೋಟು ನಮ್ಮ ಕರಾವಳಿಗೆಂದೇ ಹೇಳಿ ಮಾಡಿಸಿದಂತಿತ್ತು ಎಂದು ನನಗೆ ಅನ್ನಿಸುತ್ತದೆ.

ನಿಜವಾದ ಕಳ್ಳ ಟಿ.ವಿ.ಯ ಬೆನ್ನಿಗಿದ್ದ. ಪೆಟ್ಟಿಗೆಯ ಜೊತೆ ಬಂದಿದ್ದ ಅಡಾಪ್ಟರನ್ನು ಕಪಾಟಿಗೆ ಸೇರಿಸಿ, ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದಲೇ ಅದಕ್ಕೆ ಕರೆಂಟು ಕೊಟ್ಟಿದ್ದೆವು, ನೋಡಲು ಚೊಕ್ಕ. ಅಡಾಪ್ಟರಿನ ಮೇಲೆ 5 ವೋಲ್ಟ್, 1 ಆಂಪಿಯರ್ ಎಂದು ಅಚ್ಚಾಗಿದೆ. ಸಾಮಾನ್ಯ ಯುಎಸ್‌ಬಿ ಕಿಂಡಿಗೆ ನಿಗದಿಯಾದದ್ದು ಅದರ ಅರ್ಧ. ಅರೆಹೊಟ್ಟೆಯಲ್ಲಿ ದುಡಿಸಿದ್ದು ಸಾಲದೆಂದು, ಗೋಡೆಗೂ ಟಿ.ವಿ.ಗೂ ನಡುವೆ ಗಾಳಿಯಾಡದ ಜಾಗ ಬೇರೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮುಟ್ಟಿದರೆ ಕೈ ಸುಡುತ್ತಿತ್ತು. ಇಂಥ ಯಂತ್ರಗಳ ಒಳಗಿನ ಎಲೆಕ್ಟ್ರಾನಿಕ್ ಚಿಪ್ ಕಾವೇರಿದಾಗ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇರುವ 8 ಜಿ.ಬಿ. ಜಾಗದ ದೊಡ್ಡ ಪಾಲನ್ನು ಒಳಗಿನ ತಂತ್ರಾಂಶವೇ ನುಂಗಿದ್ದರೆ, ಉಳಿದದ್ದನ್ನು ಯಾರೂ ತೆರೆಯದ ಆಪ್‌ಗಳು ತುಂಬಿದ್ದವು.

ಮಳೆಗಾಲದಲ್ಲಿ ಮಾತ್ರ ಪೆಟ್ಟಿಗೆ ಚುರುಕಾಗಿರುತ್ತಿದ್ದುದು ಏಕೆಂದೂ ಆಗ ಹೊಳೆಯಿತು. ತಂಪು ಒಂದು ಕಾರಣ. ಇನ್ನೊಂದು, ದಿನಕ್ಕೆ ಹಲವು ಸಲ ಹೋಗುವ ಕರೆಂಟು. ರಿಮೋಟಿನಲ್ಲಿ ಟಿ.ವಿ. ಆರಿಸಿದರೂ ಆ ಕಿಂಡಿಗೆ ಕರೆಂಟು ಹರಿಯುತ್ತಲೇ ಇರುವುದರಿಂದ, ನಮ್ಮ ಪೆಟ್ಟಿಗೆ ತೂಕಡಿಸುತ್ತದೆಯೇ ಹೊರತು ಪೂರ್ತಿ ಆರುವುದಿಲ್ಲ. ತೆರೆದಿಟ್ಟ ಕೆಲಸಗಳೆಲ್ಲ ನೆನಪಿನಲ್ಲಿ ರಾಶಿ ಬೀಳುತ್ತವೆ. ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದಾಗಲೆಲ್ಲ ಆ ರಾಶಿ ತೊಳೆದುಹೋಗಿ ಪೆಟ್ಟಿಗೆ ಹೊಸದಾಗಿ ಎಚ್ಚರಗೊಳ್ಳುತ್ತಿತ್ತು. ಕರೆಂಟು ಹೋಯಿತೆಂದು ನಾವು ಬೈಯುತ್ತಿದ್ದ ಹೊತ್ತಿನಲ್ಲಿಯೇ ದುರಸ್ತಿ ನಡೆಯುತ್ತಿತ್ತು.

ಹುಡುಗ ಬೇಡದ ಆಪ್‌ಗಳನ್ನು ಅಳಿಸಿ, ಸಣ್ಣ ಎಚ್‌ಡಿಎಂಐ ತಂತಿಯೊಂದನ್ನು ನಡುವೆ ಸೇರಿಸಿ ಪೆಟ್ಟಿಗೆಯನ್ನು ಗಾಳಿಗೆ ಎಳೆದಿಟ್ಟ. ಅಡಾಪ್ಟರು ಕಪಾಟಿನಲ್ಲಿ ಸಿಕ್ಕಿತು. ಅದನ್ನು ಸಿಕ್ಕಿಸಲು ಪ್ಲಗ್ ಸಿಗಲಿಲ್ಲ. ಟಿ.ವಿ., ರೂಟರ್, ಮೊಬೈಲ್ ಚಾರ್ಜರ್, ಸೊಳ್ಳೆಯ ಯಂತ್ರ ಎಂದು ಬೋರ್ಡು ಭರ್ತಿ. ಚರ್ಚೆಯಾಗಿ ಸೊಳ್ಳೆಯ ಯಂತ್ರವನ್ನು ಕಿತ್ತೆವು. ಈಗ ಒತ್ತಿದ ಕೂಡಲೇ ವೇಷ ಕುಣಿಯುತ್ತದೆ, ಪೆಟ್ಟಿಗೆ ಬಹಳ ಚುರುಕಾಗಿದೆ. ಸೊಳ್ಳೆಗಳೂ.